ಐದೂವರೆ ಮೀಟರ್ ಹಗ್ಗ ಮತ್ತು ಟ್ರೇಸಿಂಗ್ ಪೇಪರ್: ಮನೆಯಲ್ಲಿ ಮಧ್ಯಯುಗದ ಬ್ರಿಟನ್ ಕಲಿಸುವ ಬಗೆ

ನಾವಿರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ಇಲ್ಲಿ ಪ್ರಾಥಮಿಕ ಹಂತದ ಪಠ್ಯದಲ್ಲಿ ಆಂಗ್ಲೋ-ಸ್ಯಾಕ್ಸನ್ನರ ಮತ್ತು ವೈಕಿಂಗರ ಕಥೆ ರಾಜ ಎಡ್ವರ್ಡ್ ದಿ ಕನ್ಫೆಸರ್ ಕಾಲಕ್ಕೆ, ಅಂದರೆ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ 1066ರ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ನನ್ನ ಮಗಳು ಆ ಹೊಸ್ತಿಲಲ್ಲಿದ್ದಾಳೆ, ಮಗ ದಾಟಿದ್ದಾನೆ. ಇಬ್ಬರನ್ನೂ ಭಾನುವಾರ ಬೆಳಿಗ್ಗೆ ಒಂದು ಗಂಟೆ ಒಟ್ಟಿಗೆ ಕೂರಿಸಿಕೊಳ್ಳುತ್ತೇನೆ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಯಾವುದನ್ನೇ ಕಲಿಸಲಿ, ಅಳತೆ ಸರಿಯಿರಬೇಕು ಎಂಬ ಹಟ ನನ್ನದು. ಇತಿಹಾಸದಲ್ಲಿ ಆ ಹಟ ತುಂಬ ಕೆಲಸಕ್ಕೆ ಬಂತು.

ಮೊದಲು ಹಗ್ಗ. ಅಚ್ಚು ಹಾಕಿದ ಕಾಲರೇಖೆಗಳಲ್ಲಿ ಎಲ್ಲ ಘಟನೆಗಳೂ ಸಮನಾದ ಚೌಕಗಳಲ್ಲಿ ಕೂತಿರುತ್ತವೆ. ಅದನ್ನು ನೋಡಿದ ಮಗುವಿಗೆ ಎರಡು ಘಟನೆಗಳ ನಡುವೆ ಹತ್ತು ವರ್ಷವೋ ಇನ್ನೂರು ವರ್ಷವೋ ಗೊತ್ತಾಗುವುದಿಲ್ಲ. ನಾವು ಮನೆಯ ಪ್ಯಾಸೇಜಿನ ಗೋಡೆಗೆ ಐದೂವರೆ ಮೀಟರ್ ಹಗ್ಗ ಕಟ್ಟಿದೆವು. ಒಂದು ಶತಮಾನಕ್ಕೆ 50 ಸೆಂಟಿಮೀಟರ್. ಮುಂಬಾಗಿಲ ಹತ್ತಿರ 410, ರೋಮನ್ ಆಡಳಿತ ಮುಗಿದ ವರ್ಷ. ಅಡುಗೆಮನೆಯ ಹತ್ತಿರ 1485, ಮಧ್ಯಯುಗದ ಕೊನೆಯೆಂದು ಎಣಿಸುವ ಬಾಸ್ವರ್ತ್ ಕಾಳಗ. ಚೀಟಿಗಳನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದರೆ ತಪ್ಪಾದಾಗ ಸರಿಸುವುದು ಸುಲಭ.

ಆರಂಭದಲ್ಲಿ ಹಗ್ಗದ ಉದ್ದಕ್ಕೂ ಖಾಲಿ ಜಾಗವೇ ಇರುತ್ತದೆ. 410ರಿಂದ 793ರವರೆಗೆ, ಅಂದರೆ ಲಿಂಡಿಸ್‌ಫಾರ್ನ್ ಮಠದ ಮೇಲೆ ವೈಕಿಂಗರು ಬಿದ್ದ ವರ್ಷದವರೆಗೆ, ಹತ್ತಿರಹತ್ತಿರ ಎರಡು ಮೀಟರಿನಲ್ಲಿ ನಮ್ಮದು ಒಂದೇ ಚೀಟಿ: 597, ಕ್ರೈಸ್ತ ಧರ್ಮಪ್ರಚಾರಕ ಅಗಸ್ಟೀನ್ ಕೆಂಟ್‌ಗೆ ಬಂದದ್ದು. ಮಗಳು ಕೇಳಿದಳು, "ಅಮ್ಮಾ, ಇಲ್ಲಿ ಯಾರೂ ಇರಲಿಲ್ವಾ?" ಆ ಪ್ರಶ್ನೆ ಬರಲಿ ಎಂದೇ ಜಾಗ ಬಿಡಬೇಕು. ಇದ್ದರು, ಉತ್ತರು, ಬೆಳೆದರು. ಬರೆದಿಟ್ಟವರು ಕಡಿಮೆ.

ಇನ್ನು ನಕ್ಷೆ. ಎ3 ಹಾಳೆಯಲ್ಲಿ ಬ್ರಿಟನ್ನಿನ ಕರಾವಳಿ, ಪೆನೈನ್ ಬೆಟ್ಟಸಾಲು, ವೇಲ್ಸ್‌ನ ಬೆಟ್ಟಗಳು, ಥೇಮ್ಸ್, ಟ್ರೆಂಟ್, ಊಸ್ ನದಿಗಳು. ಇಷ್ಟೇ. ಇಂದಿನ ಜಿಲ್ಲೆ, ಮೋಟಾರುದಾರಿ ಯಾವುದೂ ಬೇಡ. ಇದು ಅಡಿಯ ಹಾಳೆ. ಒಂದೊಂದು ಕಥೆಗೂ ಮೇಲೆ ಒಂದೊಂದು ಟ್ರೇಸಿಂಗ್ ಪೇಪರ್. ದುಡ್ಡು ಉಳಿಸಲು ನಾನು ಅಡುಗೆಮನೆಯ ಬೇಕಿಂಗ್ ಪೇಪರ್ ಬಳಸಿ ನೋಡಿದೆ. ಸ್ಕೆಚ್ ಪೆನ್ನಿನ ಬಣ್ಣ ಕೈಗೆಲ್ಲ ಮೆತ್ತಿತು. ಟ್ರೇಸಿಂಗ್ ಪೇಪರನ್ನೇ ಕೊಳ್ಳಿ.

ಮೊದಲ ಪದರಕ್ಕೆ ರಾಜರು ಬೇಡ, ಊರ ಹೆಸರುಗಳು ಸಾಕು. ನಮ್ಮ ಡರ್ಬಿಯ ಕೊನೆಯಲ್ಲಿರುವ 'ಬಿ' ಡೇನರ, ಅಂದರೆ ಡೆನ್ಮಾರ್ಕ್ ಕಡೆಯ ವೈಕಿಂಗರ ಮಾತು. ಬೊಮ್ಮನಹಳ್ಳಿಯಲ್ಲಿ 'ಹಳ್ಳಿ' ಇದ್ದಂತೆ. ಅವರು ಬರುವ ಮೊದಲು ಈ ಊರಿಗೆ ನಾರ್ತ್‌ವರ್ದಿ ಎಂಬ ಹೆಸರಿತ್ತು. ರಸ್ತೆ ಅಟ್ಲಾಸ್ ಕೊಟ್ಟು, 'ಬಿ' ಮತ್ತು 'ಥೋರ್ಪ್' ಎಂದು ಮುಗಿಯುವ ಊರಿಗೆಲ್ಲ ಕೆಂಪು ಚುಕ್ಕೆ ಇಡಲು ಹೇಳಿದೆ: ಗ್ರಿಮ್ಸ್‌ಬಿ, ವಿಟ್ಬಿ, ರಗ್ಬಿ, ಸ್ಕನ್‌ಥೋರ್ಪ್. ಅರ್ಧ ಗಂಟೆಯಲ್ಲಿ ದೇಶದ ಈಶಾನ್ಯ ಭಾಗ ಕೆಂಪಾಯಿತು, ನೈಋತ್ಯ ಬಿಳಿಯಾಗಿಯೇ ಉಳಿಯಿತು. ಆಮೇಲೆ ಈಗಿನ ಎ5 ರಸ್ತೆ, ಅಂದರೆ ಹಳೆಯ ವಾಟ್ಲಿಂಗ್ ಸ್ಟ್ರೀಟ್, ಎಳೆಯಿರಿ. ಆಲ್‌ಫ್ರೆಡ್ ರಾಜನೂ ಡೇನರ ಗುಥ್ರಮನೂ ಒಪ್ಪಿಕೊಂಡ ಗಡಿ ಥೇಮ್ಸ್, ಲೀ ನದಿಗಳನ್ನು ಹಿಡಿದು ಬೆಡ್‌ಫರ್ಡ್ ಮುಟ್ಟಿ, ಊಸ್ ನದಿಗುಂಟ ಈ ರಸ್ತೆ ಸೇರುತ್ತಿತ್ತು. ಮಗನಿಗೆ ಪಶ್ಚಿಮ ಕರಾವಳಿಯಲ್ಲಿ ಫಾರ್ಮ್‌ಬಿ, ವೆಸ್ಟ್ ಕರ್ಬಿ ಸಿಕ್ಕಿ, "ನಿನ್ನ ಲೆಕ್ಕ ತಪ್ಪು" ಅಂದ. ತಪ್ಪಲ್ಲ. ಅಲ್ಲಿಗೆ ಬಂದ ನಾರ್ಸ್ ಜನ, ಅಂದರೆ ನಾರ್ವೆ ಮೂಲದ ವೈಕಿಂಗರು, ಐರ್ಲೆಂಡ್ ಕಡೆಯಿಂದ ಬೇರೆ ಸಮುದ್ರ ದಾಟಿ ಬಂದವರು. ಇಂಥ ಲೆಕ್ಕಕ್ಕೆ ಹೊಂದದ ಚುಕ್ಕೆಗಳನ್ನು ಅಳಿಸಬೇಡಿ, ಸುತ್ತ ಗೆರೆ ಹಾಕಿಸಿ.

ನನಗೆ ಅತಿ ಪ್ರಿಯವಾದ ಪಾಠ 1066. ದೊಡ್ಡ ಹಗ್ಗದಲ್ಲಿ ಆ ಇಡೀ ವರ್ಷಕ್ಕೆ ಸಿಗುವುದು ಅರ್ಧ ಸೆಂಟಿಮೀಟರ್. ಹಾಗಾಗಿ ವಾಲ್‌ಪೇಪರ್ ಅಡಿಗೆ ಅಂಟಿಸುವ ಕಾಗದದ ಸುರುಳಿ ತಂದು, ದಿನಕ್ಕೆ ಒಂದು ಸೆಂಟಿಮೀಟರಿನಂತೆ ಬೇರೆ ಪಟ್ಟಿ ಮಾಡಿದೆವು. ಜನವರಿ 5ಕ್ಕೆ ಎಡ್ವರ್ಡ್ ಸಾವು, ಮರುದಿನವೇ ಹೆರಾಲ್ಡ್ ಪಟ್ಟಾಭಿಷೇಕ, ಡಿಸೆಂಬರ್ 25ಕ್ಕೆ ನಾರ್ಮನ್ನರ ದೊರೆ ವಿಲಿಯಮನ ಪಟ್ಟಾಭಿಷೇಕ: ಮೂರೂವರೆ ಮೀಟರ್. ಪಟ್ಟಿಯನ್ನು ನೆಲಕ್ಕೆ ಹಾಸಿ, ಪಕ್ಕದಲ್ಲಿ ನಕ್ಷೆ ಇಡಿ. ಹೆರಾಲ್ಡ್ ಸೈನ್ಯಕ್ಕೆ ಹುಣಸೆಬೀಜ, ನಾರ್ವೆಯ ಹರಾಲ್ಡ್ ಹಾರ್ಡ್ರಾಡನಿಗೆ ಕಾಬೂಲಿ ಕಡಲೆ, ನಾರ್ಮನ್ನರಿಗೆ ರಾಜ್ಮಾ. ಒಂದು ಮಗು ಪಟ್ಟಿಯ ಮೇಲೆ ಬೆರಳು ಸರಿಸುತ್ತ ದಿನ ಕೂಗಲಿ, ಇನ್ನೊಂದು ಕಾಳು ನಡೆಸಲಿ.

ಬೇಸಿಗೆಯೆಲ್ಲ ಹುಣಸೆಬೀಜ ದಕ್ಷಿಣ ಕರಾವಳಿಯಲ್ಲಿ ಸುಮ್ಮನೆ ಕಾಯುತ್ತದೆ. ಸೆಪ್ಟೆಂಬರ್ 8ಕ್ಕೆ ದವಸ ಮುಗಿದು ಜನ ಮನೆಗೆ ಚದುರುತ್ತಾರೆ. 20ಕ್ಕೆ ಯಾರ್ಕ್ ಪಕ್ಕದ ಫುಲ್‌ಫರ್ಡ್‌ನಲ್ಲಿ ಕಡಲೆ ಗೆಲ್ಲುತ್ತದೆ. ಹೆರಾಲ್ಡ್ ಧಾವಿಸಿ ಬಂದು 25ಕ್ಕೆ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಹಾರ್ಡ್ರಾಡನನ್ನು ಸೋಲಿಸುತ್ತಾನೆ. ಅಲ್ಲಿಂದ ಬರೀ ಮೂರು ಸೆಂಟಿಮೀಟರ್, 28ಕ್ಕೆ ದೇಶದ ಇನ್ನೊಂದು ತುದಿಯ ಪೆವೆನ್ಸಿಯಲ್ಲಿ ರಾಜ್ಮಾ ಇಳಿಯುತ್ತದೆ. ಬೆರಳಿಟ್ಟ ಮಗಳು ಅಲ್ಲಿಂದ ಕೈ ತೆಗೆಯಲೇ ಇಲ್ಲ. "ಈಗಷ್ಟೇ ಗೆದ್ದನಲ್ಲಮ್ಮಾ" ಎಂದಳು. ಆ ಗೆಲುವಿನ ದಿನದಿಂದ ಅಕ್ಟೋಬರ್ 14ರ ಹೇಸ್ಟಿಂಗ್ಸ್ ಕಾಳಗಕ್ಕೆ ಹತ್ತೊಂಬತ್ತು ದಿನ, ದಾರಿ ಸುಮಾರು 400 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಯಷ್ಟು ದೂರ ಎಂದಾಗ ಪ್ರತಿ ರಜೆಯಲ್ಲೂ ಆ ದಾರಿ ರೈಲಿನಲ್ಲಿ ಹೋಗುವ ಮಕ್ಕಳಿಗೆ ತಕ್ಷಣ ಅರ್ಥವಾಯಿತು.

ವೇಲ್ಸ್‌ಗೆ ಒಂದೇ ಪದರ ಸಾಕು. ಹದಿಮೂರನೇ ಶತಮಾನದ ಇಂಗ್ಲೆಂಡಿನ ರಾಜ ಮೊದಲನೇ ಎಡ್ವರ್ಡ್ ಕಟ್ಟಿಸಿದ ಫ್ಲಿಂಟ್, ರಡ್‌ಲನ್, ಕಾನ್ವಿ, ಕೆರ್ನಾರ್ವನ್, ಹಾರ್ಲೆಕ್, ಬೊಮಾರಿಸ್ ಕೋಟೆಗಳನ್ನು ಗುರುತಿಸಿ, ಎಲ್ಲಕ್ಕೂ ಸಮಾನವಾದದ್ದು ಏನು ಎಂದಷ್ಟೇ ಕೇಳಿ. ಎಲ್ಲವೂ ಹಡಗು ತಲುಪುವ ಜಾಗದಲ್ಲಿವೆ. 1294ರಲ್ಲಿ ವೆಲ್ಶ್ ಜನ ದಂಗೆಯೆದ್ದು ಹಾರ್ಲೆಕ್‌ಗೆ ಮುತ್ತಿಗೆ ಹಾಕಿದಾಗ ಅದನ್ನು ಉಳಿಸಿದ್ದು ಐರ್ಲೆಂಡಿನಿಂದ ಸಮುದ್ರದ ಮೇಲೆ ಬಂದ ಆಹಾರ. ಈಗ ಹೋಗಿ ನೋಡಿದರೆ ಸಮುದ್ರ ದೂರ ಸರಿದಿದೆ. ಅದನ್ನೂ ನಕ್ಷೆಯಲ್ಲಿ ಬರೆಸಿ.

ಹಗ್ಗದ ಕೆಳಗೆ ನಮ್ಮ ಮನೆಯಲ್ಲಿ ಇನ್ನೊಂದು ಹಗ್ಗವಿದೆ, ಅದೇ ಅಳತೆಯದು, ಕರ್ನಾಟಕದ ಹಸಿರು ಚೀಟಿಗಳದು. ಇಲ್ಲಿ 1086ರಲ್ಲಿ ಡೂಮ್ಸ್‌ಡೇ ಎಂಬ ಜಮೀನು-ಆಸ್ತಿಗಳ ಲೆಕ್ಕ ಬರೆಯುವಾಗ ಅಲ್ಲಿ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ. 1348ರಲ್ಲಿ ಪ್ಲೇಗು ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಇಳಿಯುವಾಗ ವಿಜಯನಗರ ಆಗಷ್ಟೇ ಬೇರು ಬಿಡುತ್ತಿತ್ತು. ಎರಡಕ್ಕೂ ಸಂಬಂಧ ಕಲ್ಪಿಸಲು ಹೋಗಬೇಡಿ, ಒಂದರ ಕೆಳಗೆ ಒಂದು ತೂಗಲಿ.

ಪರೀಕ್ಷೆ ಹೀಗೆ: ತಿಂಗಳಿಗೊಮ್ಮೆ ಎಲ್ಲ ಚೀಟಿಗಳನ್ನೂ ಬಿಚ್ಚಿ, ಇಸವಿ ಬರೆದ ಭಾಗ ಹಿಂದಕ್ಕೆ ತಿರುಗಿಸಿ, ಮಕ್ಕಳೇ ಮತ್ತೆ ಸಿಕ್ಕಿಸಲಿ. ಹತ್ತು ಸೆಂಟಿಮೀಟರ್ ಆಚೀಚೆಯಾದರೆ, ಅಂದರೆ ಇಪ್ಪತ್ತು ವರ್ಷ, ನಾನು ಸರಿ ಎಂದೇ ಕೊಡುತ್ತೇನೆ. ಹಿಂದುಮುಂದಾದರೆ ಮಾತ್ರ ನಕ್ಷೆಯ ಆ ಪದರವನ್ನು ಮತ್ತೆ ಹಾಸುತ್ತೇವೆ.