ಮರ್ಸೋನ ಪಕ್ಕ ಒಂದು ರ‍್ಯಾಪ್ ಹಾಡು: ನನ್ನ ಅನುಭವ

"ಕಮೂನ ಮರ್ಸೋಗೂ ರ‍್ಯಾಪ್‌ಗೂ ಎಲ್ಲಿಯ ಸಂಬಂಧ?" ನಮ್ಮ ಓದುಗರ ಬಳಗದ ಹಿರಿಯರು ನೇರವಾಗಿಯೇ ಕೇಳಿದ್ದರು. ಹೋದ ತಿಂಗಳ ಕೂಟದಲ್ಲಿ ಅವರೇ ಕೊನೆಯವರೆಗೆ ಕೂತು ವಾದ ಮಾಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಳಗದಲ್ಲಿ ನಾನು ಪಕ್ಕಪಕ್ಕ ಇಟ್ಟು ಓದಿಸಿದ್ದು ಒಂದು ಹಾಡು, ಒಂದು ಕಾದಂಬರಿ. ಹಾಡು, ಅಮೆರಿಕದ ಹ್ಯೂಸ್ಟನ್‌ನ ರ‍್ಯಾಪ್ ತಂಡ ಗೆಟೊ ಬಾಯ್ಸ್ 1991ರಲ್ಲಿ ತಂದ ‘ಮೈಂಡ್ ಪ್ಲೇಯಿಂಗ್ ಟ್ರಿಕ್ಸ್ ಆನ್ ಮಿ’. ಕಾದಂಬರಿ, ಫ್ರೆಂಚ್ ಲೇಖಕ ಆಲ್ಬೆರ್ ಕಮೂನ 1942ರ ‘ದಿ ಔಟ್‌ಸೈಡರ್’. ಮರ್ಸೋ ಅದರ ನಾಯಕ, ಕಡಲತೀರದಲ್ಲಿ ಒಬ್ಬನನ್ನು ಗುಂಡಿಕ್ಕಿ ಕೊಲ್ಲುವವನು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದೆ. ಒಂಟಿತನ, ಸಾವು, ಅರ್ಥಹೀನತೆ ಅಂತ ಎರಡು ಕಾಲಂ ಪಟ್ಟಿ. ಜೆರಾಕ್ಸ್‌ಗೆ ಆರೇಳು ನೂರು ಹೋಯಿತು. ಎಲ್ಲರೂ ತಲೆಯಾಡಿಸಿದರು, ಒಂದೇ ಒಂದು ಪ್ರಶ್ನೆ ಬರಲಿಲ್ಲ. ಆಮೇಲೆ ಮರ್ಸೋನ ಮಾತುಗಳನ್ನು ಆ ಹಾಡಿನ ಬೀಟ್ ಮೇಲೆ ಓದಿಸಿದೆ. ಸ್ಪೀಕರ್, ಮೈಕ್ ಬಾಡಿಗೆ ಸಾವಿರದೈನೂರರ ಹತ್ತಿರ. ಅದೂ ಕೂಡಿಬರಲಿಲ್ಲ. ಗಾಯಕ ಐಸಾಕ್ ಹೇಯ್ಸ್‌ನ ಹಾಡಿನಿಂದ ತೆಗೆದುಕೊಂಡ ಆ ಗಿಟಾರ್ ತುಣುಕಿನಲ್ಲೇ ದುಃಖ ತುಂಬಿದೆ. ಅದನ್ನು ಹಚ್ಚಿದರೆ ಭಾವನೆ ತೋರಿಸದ ಮರ್ಸೋ, ಮರ್ಸೋ ಆಗಿ ಉಳಿಯುವುದಿಲ್ಲ.

ಫಲ ಕೊಟ್ಟಿದ್ದು ಇದರ ಉಲ್ಟಾ. ಹಾಡಿನ ಪ್ರಾಸ ಕಿತ್ತು, ನಾಲ್ಕೂ ಚರಣಗಳನ್ನು ಸಾದಾ ಕನ್ನಡ ಗದ್ಯ ಮಾಡಿದೆ. ಹೇಳುವವನು ಎಲ್ಲೆಲ್ಲಿ ಕಾರಣ ಕೊಡುತ್ತಾನೋ ಅಲ್ಲೆಲ್ಲ ಕೆಂಪು ಗೆರೆ ಎಳೆದೆ. ಕಾದಂಬರಿಗೂ ಅಷ್ಟೇ.

ಹಾಡಿನ ಹಾಳೆ ಕೆಂಪಾಯಿತು. ಎರಡನೇ ಚರಣದವನ ಕಾರಿನ ಹಿಂದೆ ಯಾರೋ ಬರುತ್ತಿದ್ದಾರೆ. ನಾನು ಗುಂಡು ಹೊಡೆದವನಾ, ಮೋಸ ಮಾಡಿದವನಾ ಅಂತ ಲೆಕ್ಕ ಹಾಕುತ್ತಾನೆ. ಕೊನೆಗೆ ನೋಡಿದರೆ ಮೂವರು ಕೈಲಾಗದ ಮುದುಕರು! ಮರ್ಸೋನ ಕಡಲತೀರದ ಪುಟದಲ್ಲಿ ಗೆರೆ ಎಳೆಯಲು ಜಾಸ್ತಿ ಏನೂ ಸಿಗಲಿಲ್ಲ. ಒಂದು ಗುಂಡು, ಆಮೇಲೆ ನಾಲ್ಕು. ನಡುವೆ ಯಾಕೆ ನಿಲ್ಲಿಸಿದೆ ಅಂತ ವಿಚಾರಣೆಯ ನ್ಯಾಯಾಧೀಶರು ಮತ್ತೆ ಮತ್ತೆ ಕೇಳಿದರೂ ಬಾಯಿ ಬಿಡುವುದಿಲ್ಲ. ಕೋರ್ಟಿನಲ್ಲಿ ಬಿಸಿಲು ಕಾರಣ ಅಂದಾಗ ಜನ ನಗುತ್ತಾರೆ.

ಇಷ್ಟು ಬೇರೆ ಇರುವವರು ಹೊಡೆತದ ಹತ್ತಿರ ಬಂದಾಗ ಮಾತ್ರ ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ಹಾಡಿನ ಕೊನೆಯಲ್ಲಿ ಗುದ್ದಿಸಿಕೊಂಡವನು ಅಲ್ಲಿ ಇರಲೇ ಇಲ್ಲ, ಕಾಂಕ್ರೀಟಿಗೆ ಗುದ್ದಿ ಕೈಯೆಲ್ಲ ರಕ್ತ. ಕಾದಂಬರಿಯಲ್ಲಿ ಸತ್ತವನಿಗೆ ಹೆಸರೇ ಇಲ್ಲ, ಬರೀ ಒಬ್ಬ ಅರಬ. ಹೊಡೆದವರಿಬ್ಬರೂ ಎದುರಿಗಿದ್ದವನನ್ನು ನೋಡಿಯೇ ಇಲ್ಲ, ಅಲ್ವಾ? ಹಿರಿಯರು ತಿರುಗಿಬಿದ್ದಿದ್ದು ಇಲ್ಲೇ. ಹೆಸರು ಕೊಡದಿರುವುದು ಕಮೂನ ಆಯ್ಕೆ, ಮರ್ಸೋನ ತಪ್ಪಲ್ಲ ಎಂದರು. ಕತೆ ಹೇಳುತ್ತಿರುವವನು ಮರ್ಸೋನೇ, ಅವನು ಕೇಳಬಹುದಿತ್ತು ಎಂದೆ. ನಾನು ಇನ್ನೂ ಅದೇ ಮಾತಿಗೆ ನಿಂತಿದ್ದೇನೆ. ಈ ಸಾಲುಗಳನ್ನು ಯಾವ ಕ್ರಮದಲ್ಲಿ ಓದಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬಿಟ್ಟುಕೊಡುವುದಿಲ್ಲ.

ನಡುವೆ ಸುಮ್ನೆ ಅನಂತಮೂರ್ತಿಯವರ 1965ರ ಕಾದಂಬರಿ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರಿಗೂ ಕೆಂಪು ಪೆನ್ನು ಹಿಡಿದೆ. ಅವರು ಮರ್ಸೋಗಿಂತ ಈ ಹಾಡಿಗೇ ಹತ್ತಿರ! ಮೇಳಿಗೆಯ ಜಾತ್ರೆಯಲ್ಲಿ ಯಾರಾದರೂ ಗುರುತು ಹಿಡಿದಾರು ಅನ್ನುವ ಭಯ, ದಾರಿಯಲ್ಲಿ ಸಿಕ್ಕು ಬಿಡದೆ ಜೊತೆಗೆ ಬರುವ ಪುಟ್ಟ. ಮುಂದಿನ ಕೂಟಕ್ಕೆ ಆ ಪುಟಗಳನ್ನೇ ಇಟ್ಟುಕೊಂಡಿದ್ದೇನೆ. ಸ್ಪೀಕರ್ ಬಾಡಿಗೆ ಬೇಕಿಲ್ಲ, ಹಾಡು ಕೇಳಿಸಲು ಫೋನ್ ಸಾಕು.