ಬೀಜಗಣಿತ ಮರೆತವರಿಗೆ ಫೈನೈಟ್ ಮ್ಯಾಥ್ಸ್: ನಾನು ಕಲಿತ ಕ್ರಮ

ಗಣಗಳು, ಎಣಿಕೆ, ಸಂಭವನೀಯತೆ, ಮಾತೃಕೆ (ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು), ಲೀನಿಯರ್ ಪ್ರೋಗ್ರಾಮಿಂಗ್ (ನಿರ್ಬಂಧಗಳೊಳಗೆ ಅತಿ ಹೆಚ್ಚು ಲಾಭ ಅಥವಾ ಅತಿ ಕಡಿಮೆ ಖರ್ಚು ಹುಡುಕುವುದು), ಬಡ್ಡಿ ಲೆಕ್ಕ: ಅಮೆರಿಕದ ಕಾಲೇಜುಗಳಲ್ಲಿ ಇವನ್ನೆಲ್ಲ ಸೇರಿಸಿ ಫೈನೈಟ್ ಮ್ಯಾಥಮ್ಯಾಟಿಕ್ಸ್ ಎನ್ನುತ್ತಾರೆ. ಕ್ಯಾಲ್ಕುಲಸ್ ಇಲ್ಲ. ಪಿಯುಸಿಯಲ್ಲಿ ಗಣಿತ ಓದಿದವರಿಗೆ ಹೆಚ್ಚಿನವು ಕೇಳಿದ ಹೆಸರುಗಳೇ. ಎಷ್ಟೋ ಪುಸ್ತಕಗಳು ಸರಳರೇಖೆ, ಮಾತೃಕೆಗಳಿಂದ ಶುರುವಾಗುತ್ತವೆ. ಬೀಜಗಣಿತ ಮರೆತವರು ಅಲ್ಲೇ ಪುಸ್ತಕ ಮುಚ್ಚಿಡುತ್ತಾರೆ. ನಾನು ಎಣಿಕೆಯಿಂದ ಶುರುಮಾಡಿ ಮಾತೃಕೆಯನ್ನು ಹಿಂದಕ್ಕೆ ತಳ್ಳಿದೆ.

ಎಣಿಕೆಗೆ ಗುಣಾಕಾರ, ಭಾಗಾಕಾರ ಬಂದರೆ ಸಾಕು. 10 ಜನರಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯನ್ನು 10×9×8 = 720 ರೀತಿ ಆರಿಸಬಹುದು. ಹುದ್ದೆಗಳಿಲ್ಲದ ಮೂವರ ಸಮಿತಿಯಾದರೆ ಅದೇ ಮೂವರು 6 ಸಲ ಲೆಕ್ಕಕ್ಕೆ ಬಂದಿರುತ್ತಾರೆ, ಹಾಗಾಗಿ 720÷6 = 120. 'ಕನಕ'ದ ಅಕ್ಷರಗಳನ್ನು ಜೋಡಿಸುವಾಗಲೂ ಇದೇ ತರ್ಕ: ಎರಡು 'ಕ' ಜಾಗ ಬದಲಿಸಿದರೂ ಗೊತ್ತಾಗದು, 6÷2 = 3. ಕ್ರಮಯೋಜನೆಯೋ (ಕ್ರಮ ಲೆಕ್ಕಕ್ಕೆ ಬರುವ ಜೋಡಣೆ) ವಿಕಲ್ಪವೋ (ಕ್ರಮ ಲೆಕ್ಕಕ್ಕಿಲ್ಲದ ಆಯ್ಕೆ) ಎಂದು ಗೊಂದಲವಾದರೆ ಇಬ್ಬರನ್ನು ಅದಲುಬದಲು ಮಾಡಿ ನೋಡಿ. ಫಲಿತಾಂಶ ಬೇರೆಯಾದರೆ ಕ್ರಮ ಮುಖ್ಯ. ಸೂತ್ರವನ್ನು ಆಮೇಲೆ ನೋಡಿದರೂ ನಡೆಯುತ್ತದೆ.

ಮುಂದೆ ಸಂಭವನೀಯತೆ. ಅಲ್ಲಿನ ಬೇಯ್ಸ್ ಪ್ರಮೇಯ ಹೊಸ ಮಾಹಿತಿ ಸಿಕ್ಕಾಗ (ಪರೀಕ್ಷೆ ಪಾಸಿಟಿವ್ ಬಂದಾಗ, ಉದಾಹರಣೆಗೆ) ಸಂಭವನೀಯತೆ ಎಷ್ಟಾಗುತ್ತದೆ ಎಂದು ಹೇಳುತ್ತದೆ. ಅದರ ಸೂತ್ರ ನೋಡಿದರೆ ಹೆದರಿಕೆಯಾಗುತ್ತದೆ, ನಿಜ. ಶೇಕಡಾವಾರು ಬಿಟ್ಟು 1000 ಜನರನ್ನು ಇಟ್ಟುಕೊಳ್ಳಿ. ಶೇ. 1 ಜನಕ್ಕೆ ಕಾಯಿಲೆ, ಅಂದರೆ 10. ಪರೀಕ್ಷೆ ಶೇ. 90 ರೋಗಿಗಳನ್ನು ಹಿಡಿಯುತ್ತದೆ: 9. ಕಾಯಿಲೆಯಿಲ್ಲದ 990 ಜನರಲ್ಲಿ ಶೇ. 10ರಷ್ಟು ಮಂದಿಗೂ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ: 99. ಪಾಸಿಟಿವ್ ಬಂದ 108 ಜನರಲ್ಲಿ ನಿಜವಾದ ರೋಗಿಗಳು 9, ಹನ್ನೆರಡರಲ್ಲಿ ಒಬ್ಬರು. ಪ್ರಮೇಯದಲ್ಲಿರುವುದು ಇಷ್ಟೇ.

ಮಾತೃಕೆಗೆ ಬಂದಾಗ ಬೀಜಗಣಿತ ಬೇಕೇ ಬೇಕು, ಆದರೆ ಸ್ವಲ್ಪವೇ: ಭಿನ್ನರಾಶಿ, ಋಣಚಿಹ್ನೆ, ಎರಡು ಸಮೀಕರಣಗಳಲ್ಲಿ ಒಂದು ಚರಾಕ್ಷರವನ್ನು ವರ್ಜಿಸುವುದು. ಹತ್ತನೇ ತರಗತಿಯ ಆ ಒಂದು ಅಧ್ಯಾಯ ಸಾಕು. ಸಮೀಕರಣಗಳ ಸಂಖ್ಯೆಗಳನ್ನು ಮಾತೃಕೆಯ ಸಾಲುಗಳಾಗಿ ಬರೆದು, ಆ ಸಾಲುಗಳನ್ನು ಕಳೆಯುವಾಗಲೇ ಚಿಹ್ನೆ ತಪ್ಪುವುದು. ಎರಡನೇ ಸಾಲಿನಿಂದ ಮೊದಲನೆಯದರ ಮೂರರಷ್ಟನ್ನು ಮನಸ್ಸಿನಲ್ಲೇ ಕಳೆಯಬೇಡಿ. ಮೊದಲ ಸಾಲನ್ನು −3ರಿಂದ ಗುಣಿಸಿ ಬೇರೆಯಾಗಿ ಬರೆದು ಕೂಡಿಸಿ. 1ರಿಂದ ಶುರುವಾಗುವ ಸಾಲಿದ್ದರೆ ಮೇಲಕ್ಕೆ ತನ್ನಿ, ಭಿನ್ನರಾಶಿಯ ಕಾಟ ತಡವಾಗುತ್ತದೆ. ಉತ್ತರವನ್ನು ಮೂಲ ಸಮೀಕರಣಗಳೆಲ್ಲಕ್ಕೂ ಹಾಕಿ ನೋಡಿ, ಒಂದಕ್ಕೆ ಮಾತ್ರ ಅಲ್ಲ.

ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ ಪ್ರತಿ ನಿರ್ಬಂಧಕ್ಕೂ ಒಂದು ಗೆರೆ ಎಳೆಯುತ್ತೇವೆ; ಎಲ್ಲ ನಿರ್ಬಂಧಗಳಿಗೂ ಒಪ್ಪುವ ಪ್ರದೇಶದ ಮೂಲೆಗಳಲ್ಲಿ ಉತ್ತರ ಹುಡುಕುತ್ತೇವೆ. ಆದರೆ ಗೆರೆಗಳು ಸಂಧಿಸುವ ಬಿಂದುಗಳೆಲ್ಲ ಆ ಮೂಲೆಗಳಲ್ಲ. ಪ್ರತಿ ಬಿಂದುವನ್ನೂ ಎಲ್ಲ ನಿರ್ಬಂಧಗಳಿಗೆ ಒಡ್ಡಿ, ಒಂದನ್ನು ಮೀರಿದರೂ ಹೊಡೆದುಹಾಕಿ. ಉಳಿದವುಗಳಲ್ಲಷ್ಟೇ ಲಾಭ ಲೆಕ್ಕಹಾಕಿ.