ಪ್ಯಾಕೆಟ್ಟಿನ ಬೆನ್ನು ನೋಡಿ: ದಾವಣಗೆರೆಗೆ ಹೊಸದಾಗಿ ಬಂದ ಮನೆಯವರಿಗೆ

ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರು ಕಡೆಯಿಂದ ಮಕ್ಕಳ ಓದಿಗೆ ಅಂತ ದಾವಣಗೆರೆಯಲ್ಲಿ ಮನೆ ಮಾಡುವವರು ಜೂನ್ ಹೊತ್ತಿಗೆ ನಮ್ಮ ಸಂಘದ ಬಾಗಿಲಿಗೆ ಬರುತ್ತಾರೆ. ಮೊದಲು ಕೇಳುವುದು ಬಾಡಿಗೆ ಮನೆ, ನೀರು ಬಿಡುವ ದಿನ, ಗ್ಯಾಸ್. ಅವಕ್ಕೆಲ್ಲ ಬೇರೆ ಹಾಳೆಗಳಿವೆ. ಈ ಹಾಳೆ ಯಾರೂ ಕೇಳದ ವಿಷಯದ್ದು: ತಿನ್ನುವ ಸಾಮಾನಿನ ಪ್ಯಾಕೆಟ್ಟಿನ ಲೇಬಲ್ ಓದುವುದು. ಊರಲ್ಲಿ ಜೋಳ ನಿಮ್ಮ ಹೊಲದ್ದು, ಹಾಲು ಪಕ್ಕದ ಮನೆಯದ್ದು. ಏನು ತಿನ್ನುತ್ತಿದ್ದೇವೆ ಅಂತ ಓದಿ ತಿಳಿಯುವ ಕೆಲಸವೇ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ತಿಂಗಳ ಸಾಮಾನಿನ ಚೀಲದಲ್ಲಿ ಅರ್ಧಕ್ಕರ್ಧ ಪ್ಯಾಕೆಟ್ಟೇ ಇರುತ್ತದೆ, ಅಲ್ವಾ?

ಒಂದು ಬೇಜಾರಿನ ಸಂಗತಿ ಮೊದಲೇ ಹೇಳಿಬಿಡುತ್ತೇವೆ. ಲೇಬಲ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಕೇಂದ್ರದ ಆಹಾರ ಕಾನೂನಿಗೆ ಸಾಕು. ಕನ್ನಡ ಇರಲೇಬೇಕು ಅಂತ ಆ ಕಾನೂನು ಹೇಳುವುದಿಲ್ಲ. ನಂದಿನಿ ಹಾಲಿನ ಮೇಲೆ ಕನ್ನಡ ಕಾಣುತ್ತದೆ, ಮಿಕ್ಕ ಬಹಳಷ್ಟರ ಮೇಲೆ ಇಲ್ಲ. ಇದು ಸರಿಯಲ್ಲ ಅಂತಲೇ ನಮ್ಮ ಅಭಿಪ್ರಾಯ. ಆದರೆ ಅದು ಸರಿಹೋಗುವ ತನಕ ಊಟ ಬಿಡಲಾಗುತ್ತದೆಯೇ? ನೋಡಬೇಕಾದ ಜಾಗ ಮೂರೋ ನಾಲ್ಕೋ. ಅಲ್ಲೂ ಜಾಸ್ತಿ ಇರುವುದು ಅಂಕಿ. ಮಕ್ಕಳ ಕೈಲಿ ಎರಡು ಸಲ ಓದಿಸಿ, ಮೂರನೇ ಸಲಕ್ಕೆ ನಿಮ್ಮ ಕಣ್ಣೇ ಅಲ್ಲಿಗೆ ಹೋಗುತ್ತದೆ.

ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟು?

ಕಳೆದ ವರ್ಷ ಹೊಸದಾಗಿ ಬಂದ ಒಬ್ಬ ಅಕ್ಕ ಸಂಘಕ್ಕೆ ಬಿಸ್ಕತ್ತು ತಂದಿದ್ದರು. ಮನೆಯವರಿಗೆ ಶುಗರ್, ಅದಕ್ಕೆ ರಾಗಿಯದ್ದೇ ತಗೊಂಡೆ ಅಂದರು. ಪ್ಯಾಕೆಟ್ ಮೇಲೆ ರಾಗಿ ತೆನೆಯ ಚಿತ್ರ, ಹಳ್ಳಿಯ ಹೊಲ, ಎಲ್ಲ ಇತ್ತು. ತಿರುಗಿಸಿ ‘ಇಂಗ್ರೀಡಿಯೆಂಟ್ಸ್’ ಅನ್ನುವ ಸಾಲು ಓದಿದೆವು. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ. ನಾಲ್ಕನೆಯದಾಗಿ ರಾಗಿ ಹಿಟ್ಟು, ನೂರಕ್ಕೆ 8. ಅಕ್ಕ ಸುಮ್ನೆ ಪ್ಯಾಕೆಟ್ ಮಡಚಿ ಚೀಲಕ್ಕೆ ಹಾಕಿಕೊಂಡರು.

ಇಲ್ಲಿ ಎರಡು ನಿಯಮ ನೆನಪಿಟ್ಟುಕೊಳ್ಳಿ. ಯಾವ ಪದಾರ್ಥದ ತೂಕ ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು, ಕಡಿಮೆ ಇರುವುದು ಕೊನೆಗೆ. ರಾಗಿ, ಬಾದಾಮಿ ಅಂತ ಒಂದು ಪದಾರ್ಥವನ್ನು ಮುಂದೆ ಮಾಡಿ ಮಾರಿದರೆ ಅದು ನೂರಕ್ಕೆ ಎಷ್ಟಿದೆ ಅಂತಲೂ ಬರೆಯಬೇಕು. ಹಾಗಾಗಿ ಪ್ಯಾಕೆಟ್ಟಿನ ಮುಖ ನೋಡಿ ಮರುಳಾಗಬೇಡಿ, ಬೆನ್ನು ನೋಡಿ. ಮೊದಲ ಮೂರು ಹೆಸರಲ್ಲಿ ಮೈದಾ, ಸಕ್ಕರೆ, ಎಣ್ಣೆ ಇದ್ದರೆ ಚಿತ್ರ ಏನೇ ಇರಲಿ, ಅದು ಮೈದಾ ಬಿಸ್ಕತ್ತೇ.

ಸಕ್ಕರೆಗೆ ಹೆಸರು ಹಲವು. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಕಾರ್ನ್ ಸಿರಪ್ ಎಲ್ಲವೂ ಅದರ ನೆಂಟರೇ. ಬೆಲ್ಲ, ಜೇನುತುಪ್ಪ ಕೂಡ ಲೆಕ್ಕಕ್ಕೆ ಸಕ್ಕರೆಯೇ. ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವುದು ಸಕ್ಕರೆ ಅಂತ ಕರೆಸಿಕೊಳ್ಳುವುದಿಲ್ಲ, ಆದರೆ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಶುಗರ್ ಇರುವ ಮನೆಯವರು ಈ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು.

ಚಮಚದ ಲೆಕ್ಕ

ಇನ್ನು ಪಕ್ಕದ ಚೌಕದ ಪಟ್ಟಿ. ಅಲ್ಲಿ 100 ಗ್ರಾಂ ಅಥವಾ 100 ಮಿಲಿಗೆ ಎಷ್ಟೆಷ್ಟು ಅಂತ ಇರುತ್ತದೆ. ಎರಡು ಪ್ಯಾಕೆಟ್ ಹೋಲಿಸುವಾಗ ಈ 100 ಗ್ರಾಂ ಲೆಕ್ಕವನ್ನೇ ಹೋಲಿಸಿ. ‘ಪರ್ ಸರ್ವ್’ ಅನ್ನುವುದು ಕಂಪನಿ ಗೊತ್ತುಮಾಡಿದ ಒಂದು ಸಲದ ಪಾಲು. ಅವರ ಪಾಲು ಎರಡು ಬಿಸ್ಕತ್ತು ಇರಬಹುದು. ನಮ್ಮಲ್ಲಿ ಟೀ ಜೊತೆ ಎರಡಕ್ಕೆ ನಿಲ್ಲಿಸುವವರು ಯಾರಿದ್ದಾರೆ ಹೇಳಿ?

‘ಆಡೆಡ್ ಶುಗರ್’, ಅಂದರೆ ಮೇಲಿಂದ ಸೇರಿಸಿದ ಸಕ್ಕರೆ, ಅದರ ಮುಂದಿನ ಅಂಕಿಯನ್ನು 5ರಿಂದ ಭಾಗಿಸಿದರೆ ಸುಮಾರು ಎಷ್ಟು ಟೀ ಚಮಚ ಅಂತ ಸಿಗುತ್ತದೆ. 100 ಮಿಲಿಗೆ 11 ಗ್ರಾಂ ಅಂತ ಬರೆದ ತಂಪು ಪಾನೀಯದ 250 ಮಿಲಿ ಬಾಟಲಿಯಲ್ಲಿ 27 ಗ್ರಾಂ ಮೇಲಾಯಿತು, ಅಂದರೆ ಐದೂವರೆ ಚಮಚ. ಮನೆಯಲ್ಲಿ ಒಂದು ಲೋಟ ನಿಂಬೆ ಪಾನಕಕ್ಕೆ ಅಷ್ಟು ಹಾಕಿದರೆ ಅತ್ತೆ ಬಿಡುತ್ತಾರಾ? ಲೇಬಲ್ಲಿನಲ್ಲಿ ದಿನದ ಪಾಲಿನಲ್ಲಿ ನೂರಕ್ಕೆ ಇಷ್ಟು (‘% ಆರ್‌ಡಿಎ’) ಅನ್ನುವ ಲೆಕ್ಕ ದಿನಕ್ಕೆ 2000 ಕಿಲೋಕ್ಯಾಲೊರಿ, 50 ಗ್ರಾಂ ಸೇರಿಸಿದ ಸಕ್ಕರೆ, 67 ಗ್ರಾಂ ಕೊಬ್ಬು ಅಂತ ಇಟ್ಟುಕೊಂಡು ಮಾಡಿದ್ದು. ಸಣ್ಣ ಮಕ್ಕಳಿಗೆ ಇಷ್ಟು ಬೇಡ.

ಉಪ್ಪಿನ ಲೆಕ್ಕ ಕಳ್ಳಾಟದ್ದು, ಯಾಕೆಂದರೆ ಅಲ್ಲಿ ಉಪ್ಪು ಅಂತ ಬರೆದಿರುವುದಿಲ್ಲ, ಸೋಡಿಯಂ ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ದಿನದ ಮಿತಿ 2000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. 100 ಗ್ರಾಂಗೆ 1100 ಮಿಲಿಗ್ರಾಂ ಅಂತ ಇರುವ ನೂಡಲ್ಸ್ 70 ಗ್ರಾಂ ತಿಂದರೆ ಹತ್ತಿರ ಹತ್ತಿರ 2 ಗ್ರಾಂ ಉಪ್ಪು ಒಳಗೆ ಹೋಯಿತು. ಬೆಳಗಿನ ತಿಂಡಿಗೇ ದಿನದ ಐದರಲ್ಲಿ ಎರಡು ಪಾಲು. ಉಪ್ಪಿನಕಾಯಿ, ಹಪ್ಪಳದ ಪ್ಯಾಕೆಟ್ ಇನ್ನೂ ಜೋರು. ಬಿಪಿ ಇರುವವರು ಬೇರೇನೂ ಓದದಿದ್ದರೂ ಈ ಒಂದು ಸಾಲು ಓದಿ.

ದೊಡ್ಡ ಅಕ್ಷರದ ಮಾತುಗಳು

‘ಶುಗರ್ ಫ್ರೀ’ ಅನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರಬಾರದು. ಆದರೆ ಮೈದಾ, ಎಣ್ಣೆ ಎಷ್ಟು ಬೇಕಾದರೂ ಇರಬಹುದು. ‘ನೋ ಆಡೆಡ್ ಶುಗರ್’ ಜ್ಯೂಸಿನಲ್ಲಿ ಹಣ್ಣಿನದೇ ಸಕ್ಕರೆ ಇದ್ದೇ ಇರುತ್ತದೆ. ಮಕ್ಕಳ ಹಾಲಿಗೆ ಹಾಕುವ ಪುಡಿಯನ್ನು ‘ಹೆಲ್ತ್ ಡ್ರಿಂಕ್’ ಅಂತ ಕರೆಯುತ್ತೇವಲ್ಲ, ಆ ಮಾತಿಗೆ ನಮ್ಮ ಆಹಾರ ಕಾನೂನಿನಲ್ಲಿ ಅರ್ಥವೇ ಕೊಟ್ಟಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ಆ ಸಾಲಿನಿಂದ ತೆಗೆಯಿರಿ ಅಂತ ಹೇಳಬೇಕಾಯಿತು.

ಹಾಲಿನ ವಿಷಯ ಸುಲಭ. ಟೋನ್ಡ್ ಅಂದರೆ ಕೊಬ್ಬು 3%, ಸ್ಟ್ಯಾಂಡರ್ಡೈಸ್ಡ್ 4.5%, ಫುಲ್ ಕ್ರೀಮ್ 6%. ವಯಸ್ಸಾದವರಿಗೆ ಟೋನ್ಡ್ ಸಾಕು.

ತಿನ್ನುವುದಕ್ಕಲ್ಲದ್ದು

ಇದು ನಮ್ಮ ಮನೆಯಲ್ಲೇ ಆದದ್ದು. ಕಾರ್ತೀಕದಲ್ಲಿ ದೀಪಕ್ಕೆ ಅಂತ ತಂದ ಎಣ್ಣೆ ಬಾಟಲಿ ಅಡುಗೆಮನೆಯ ಕಟ್ಟೆ ಮೇಲಿತ್ತು. ಬಾಟಲಿಯ ಬಣ್ಣ, ಆಕಾರ ಎಲ್ಲ ಅಡುಗೆ ಎಣ್ಣೆಯ ಹಾಗೇ. ನಮ್ಮತ್ತೆ ಅದನ್ನೇ ಒಗ್ಗರಣೆಗೆ ಸುರಿದರು. ಸಾರಿನ ವಾಸನೆ ಬೇರೆ ಬಂದಾಗಲೇ ಗೊತ್ತಾಗಿದ್ದು, ಪಾತ್ರೆ ಸಮೇತ ಚೆಲ್ಲಿದೆವು. ಅಲ್ಲಿಂದ ಅದು ದೇವರಮನೆ ಬಿಟ್ಟು ಹೊರಗೆ ಬಂದಿಲ್ಲ. ತಿನ್ನಬಾರದ ಇಂಥ ಎಣ್ಣೆ, ತುಪ್ಪದ ಮೇಲೆ ಚೌಕದೊಳಗೆ ಕಪ್ಪು ಕತ್ತರಿ ಗುರುತು (X) ಇರಬೇಕು. ಹಸಿರು ಚುಕ್ಕೆ ಸಸ್ಯಾಹಾರ, ಕಂದು ತ್ರಿಕೋನ ಮಾಂಸಾಹಾರ ಅಂತ ಎಲ್ಲರಿಗೂ ಗೊತ್ತು, ಈ ಕತ್ತರಿ ಗುರುತು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಲೇಬಲ್ಲೇ ಇಲ್ಲದ್ದಕ್ಕೆ?

ದಾವಣಗೆರೆಯಲ್ಲಿದ್ದು ಮಂಡಕ್ಕಿ ತಿನ್ನದೆ ಇರಲಾಗುವುದಿಲ್ಲ. ಅದು ಬಿಡಿಯಾಗಿ ಸಿಗುತ್ತದೆ, ಅದರ ಮೇಲೆ ಏನೂ ಬರೆದಿರುವುದಿಲ್ಲ. ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಹಾಕಿ ಕಾದ ಮರಳಲ್ಲಿ ಹುರಿಯುತ್ತಾರೆ, ಹಾಗಾಗಿ ಉಪ್ಪು ಆಗಲೇ ಇದೆ. ಒಗ್ಗರಣೆ ಹಾಕುವಾಗ ರುಚಿ ನೋಡಿ ಆಮೇಲೆ ಉಪ್ಪು ಹಾಕಿ. ಜೊತೆಗಿನ ಮಿರ್ಚಿಯನ್ನು ನ್ಯೂಸ್‌ಪೇಪರಿನಲ್ಲಿ ಕಟ್ಟಿಕೊಟ್ಟರೆ ಬೇಡ ಅನ್ನಿ. ಬಿಸಿ ಎಣ್ಣೆಗೆ ಶಾಯಿ ಬಿಡುತ್ತದೆ, ಹಾಗೆ ಕಟ್ಟುವುದಕ್ಕೆ ನಿಷೇಧವೂ ಇದೆ. ಬೆಣ್ಣೆ ದೋಸೆಯ ಲೆಕ್ಕ ಮಾತ್ರ ನಮ್ಮನ್ನು ಕೇಳಬೇಡಿ. ಅದನ್ನು ಯಾವಾಗಲಾದರೊಮ್ಮೆ ಖುಷಿಯಾಗಿ ತಿನ್ನಿ.

ಸಿಹಿ ಅಂಗಡಿಯಲ್ಲಿ ಬಿಡಿ ಪೇಡೆ, ಬರ್ಫಿಯ ತಟ್ಟೆಯ ಮುಂದೆ ಎಷ್ಟು ದಿನದೊಳಗೆ ತಿನ್ನಬೇಕು ಅಂತ ಚೀಟಿ ಇರಬೇಕು. 2020ರ ಅಕ್ಟೋಬರ್ 1ರಿಂದ ಈ ನಿಯಮ ಇದೆ. ಚೀಟಿ ಕಾಣದಿದ್ದರೆ “ಅಣ್ಣಾ, ಇದು ಯಾವತ್ತಿಂದು?” ಅಂತ ಕೇಳಿ. ನಾಚಿಕೆ ಬೇಡ.

ಪ್ಯಾಕೆಟ್ಟಿನಲ್ಲಾದರೆ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಿನ ದಾಟಿದ್ದನ್ನು ತಿನ್ನಲೇಬಾರದು. ‘ಬೆಸ್ಟ್ ಬಿಫೋರ್’ ಅಂದರೆ ರುಚಿ, ಗುಣ ಚೆನ್ನಾಗಿರುವುದು ಅಲ್ಲಿಯವರೆಗೆ ಅಂತ. ಆಫರ್ ಇಟ್ಟ ಪ್ಯಾಕೆಟ್ಟಿನ ತಾರೀಕನ್ನು ಎರಡು ಸಲ ನೋಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇಲ್ಲದ ಪ್ಯಾಕೆಟ್ ತರಬೇಡಿ.

ಏನಾದರೂ ಕೆಟ್ಟದ್ದು ಸಿಕ್ಕರೆ ಪ್ಯಾಕೆಟ್ ಎಸೆಯಬೇಡಿ, ಬಿಲ್ ಜೊತೆ ಎತ್ತಿಡಿ, ಫೋಟೋ ತೆಗೆದುಕೊಳ್ಳಿ. ಎಫ್‌ಎಸ್‌ಎಸ್‌ಎಐಯ ಉಚಿತ ಸಹಾಯವಾಣಿ 1800 112 100, ಗ್ರಾಹಕರ ಸಹಾಯವಾಣಿ 1915.

ಓದಿ ಅಭ್ಯಾಸ ಆಗಬೇಕು ಅನ್ನುವವರು ಭಾನುವಾರದ ಸಭೆಗೆ ಬರುವಾಗ ಮನೆಯಿಂದ ಎರಡು ಪ್ಯಾಕೆಟ್ ತನ್ನಿ, ಖಾಲಿಯದ್ದೂ ಆದೀತು. ಕನ್ನಡಕ ಮರೆಯಬೇಡಿ, ಅಕ್ಷರ ತೀರಾ ಸಣ್ಣದು.